ಸೂರಿನಡಿಯ ಬೆಳ್ಳಿ ಗಿಡ

ಶಿವಮೊಗ್ಗದ ಒಂದು ಮನೆಯ ಕಾಂಪೌಂಡ್ ಪಕ್ಕ ಆ ಗಿಡವನ್ನು ಮೊದಲು ನೋಡಿದೆ. ಸಂಜೆ ಬಿಸಿಲು ಬಿದ್ದಿತ್ತು. ಬೂದಿ ಸವರಿದ ಹಾಗಿದ್ದ ಚಿಕ್ಕ ಎಲೆಗಳು, ಮೈತುಂಬ ನೇರಳೆ ಹೂವು. ನಮ್ಮ ಸುತ್ತ ಹಸಿರಿಗೇನೂ ಬರವಿಲ್ಲ. ಆದರೆ ಬೆಳ್ಳಿ ಬಣ್ಣದ ಗಿಡ ಎಲ್ಲಿದೆ ಹೇಳಿ? ನನಗೂ ಒಂದು ಬೇಕು ಅನ್ನಿಸಿತು.

ಅದರ ಹೆಸರು ಲ್ಯೂಕೋಫಿಲಮ್. ಗ್ರೀಕ್ ಮೂಲದ ಮಾತು, 'ಬಿಳಿ ಎಲೆ' ಎಂದು ಅರ್ಥ. ಅಮೆರಿಕದ ಟೆಕ್ಸಾಸ್ ಮತ್ತು ಉತ್ತರ ಮೆಕ್ಸಿಕೋದ ಒಣ ನೆಲ ಇದರ ತವರು. ಅಲ್ಲಿನ ಚಿವಾವಾ ಮರಳುಗಾಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ಬಹಳ ಕಡೆ 200ರಿಂದ 300 ಮಿಲಿಮೀಟರ್ ಅಷ್ಟೇ. ನಮ್ಮ ಮನೆ ಇರುವುದು ತೀರ್ಥಹಳ್ಳಿ ಕಡೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಅಂಥ ಗಿಡವನ್ನು ಇಂಥ ಊರಿಗೆ ತಂದೆ.

ಮೇ ಕೊನೆಗೆ ಅಂಗಳದ ಮುಂದೆ ಗುಂಡಿ ತೋಡಿ, ಒಳ್ಳೆ ಸಗಣಿ ಗೊಬ್ಬರ ಹಾಕಿ ನೆಟ್ಟೆ. ಆರಿದ್ರಾ ಮಳೆಗೆ ಎಲೆ ಹಳದಿಯಾಯಿತು. ಪುನರ್ವಸು ಮುಗಿಯುವ ಹೊತ್ತಿಗೆ ಬರೀ ಕಡ್ಡಿ ಉಳಿಯಿತು. ದೊಡ್ಡಪ್ಪ ಅದನ್ನು ಕಿತ್ತು ಬೇರು ಮೂಸಿ ನೋಡಿದರು. "ಕೊಳೆ ಕಣೋ ಇದು. ನಮ್ಮ ಅಡಿಕೆಗೆ ಗೊನೆಗೆ ಬರುತ್ತೆ, ಇದಕ್ಕೆ ಬೇರಿಗೇ ಬಂದಿದೆ" ಅಂದರು.

ಅವರ ಮಾತಿನಲ್ಲಿ ಹುರುಳಿತ್ತು. ಅಡಿಕೆಗೆ ಕೊಳೆ ತರುವುದು ಫೈಟಾಫ್ತೋರಾ ಎಂಬ ಸೂಕ್ಷ್ಮಜೀವಿ. ಅದರ ಬಳಗದವು ನೀರು ನಿಂತ ಮಣ್ಣಿನಲ್ಲಿ ಈಜಿಕೊಂಡು ಹೋಗಿ ಬೇರನ್ನು ಹಿಡಿಯುತ್ತವೆ. ಬೀಜಾಣುವಿಗೆ ಎರಡು ಬಾಲ ಇರುತ್ತದೆ, ಈಜಲು ಒಂದು ತೆಳು ನೀರಿನ ಪದರ ಸಾಕು. ರೋಗ ಬಾರದಿದ್ದರೂ ಕಷ್ಟ ತಪ್ಪುವುದಿಲ್ಲ. ಬೇರಿಗೂ ಉಸಿರಾಟ ಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದುಗಳೆಲ್ಲ ನೀರು ತುಂಬಿಕೊಂಡರೆ ಮರಳುಗಾಡಿನ ಬೇರು ಉಸಿರುಗಟ್ಟಿ ಸಾಯುತ್ತದೆ. ಆ ಗುಂಡಿ ನಾನೇ ತೋಡಿಕೊಟ್ಟ ಬಾವಿಯಾಗಿತ್ತು.

ಎರಡನೇ ಗಿಡ ತರುವ ಮೊದಲು ಆ ಬೆಳ್ಳಿ ಬಣ್ಣ ಏನು ಅಂತ ತಿಳಿದುಕೊಳ್ಳಬೇಕು ಅನ್ನಿಸಿತು. ಎಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಬಿಳಿ ನವಿರು ಉದುರಿ ಕೆಳಗೆ ಮಾಮೂಲಿ ಹಸಿರು ಕಾಣುತ್ತದೆ. ಅಂದರೆ ಬೆಳ್ಳಿ ಅನ್ನುವ ಬಣ್ಣ ಅಲ್ಲಿ ಇಲ್ಲವೇ ಇಲ್ಲ. ಇರುವುದು ಕವಲೊಡೆದ ಸಣ್ಣ ಸಣ್ಣ ಕೂದಲು, ಅವುಗಳ ನಡುವೆ ಗಾಳಿ. ಬೆಳಕು ಗಾಳಿಯಿಂದ ಕೂದಲಿಗೆ, ಕೂದಲಿನಿಂದ ಗಾಳಿಗೆ ದಾಟುವಾಗಲೆಲ್ಲ ಸ್ವಲ್ಪ ಚದುರುತ್ತದೆ. ಎಲ್ಲ ಬಣ್ಣಗಳೂ ಒಂದೇ ಸಮ ಚದುರಿದರೆ ಕಣ್ಣಿಗೆ ಬಿಳಿ ಕಾಣುತ್ತದೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಜೋಗಕ್ಕೆ ಹೋಗಿ. ಮೇಲೆ ಹರಿಯುವಾಗ ಶರಾವತಿಯ ನೀರಿನಲ್ಲಿ ತಳದ ಕಲ್ಲು ಕಾಣುತ್ತದೆ. ಅದೇ ನೀರು 253 ಮೀಟರ್ ಬೀಳುವಾಗ ಹಾಲಿನ ಹಾಗಾಗುತ್ತದೆ. ನೀರು ಬೇರೆಯಾಗಿಲ್ಲ, ಒಳಗೆ ಗಾಳಿ ಸೇರಿದೆ ಅಷ್ಟೇ. ನಮ್ಮ ಗಿಡದ ಎಲೆಯೂ ಹಾಗೆಯೇ. ಎಡೆಬಿಡದ ಮಳೆಯಲ್ಲಿ ತೊಯ್ದರೆ ಕೂದಲ ಸಂದಿಗೆ ನೀರು ಹೊಕ್ಕು ಬೆಳ್ಳಿ ಮಾಸುತ್ತದೆ, ಎಲೆ ಹಸಿರಾಗಿ ಕಾಣುತ್ತದೆ. ಒಣಗಿದ ಮೇಲೆ ಮತ್ತೆ ಹೊಳೆಯುತ್ತದೆ.

ಈ ಹೊದಿಕೆ ಗಿಡಕ್ಕೆ ಪುಕ್ಕಟೆ ಸಿಗುವುದಿಲ್ಲ. ಎನ್ಸೀಲಿಯಾ ಎಂಬ ಇನ್ನೊಂದು ಬೆಳ್ಳಿ ಪೊದೆ ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿದೆ. ಅದರ ನೆಂಟ ಗಿಡವೊಂದು ತೇವ ಜಾಸ್ತಿ ಇರುವ ಕರಾವಳಿಯಲ್ಲಿ ಬೆಳೆಯುತ್ತದೆ, ಅದಕ್ಕೆ ಕೂದಲಿಲ್ಲ. 1976ರಲ್ಲಿ ಎಲರಿಂಗರ್, ಬ್ಯೋರ್ಕ್‌ಮನ್ ಮತ್ತು ಮೂನಿ ಎಂಬ ವಿಜ್ಞಾನಿಗಳು ಎರಡನ್ನೂ ಹೋಲಿಸಿ ನೋಡಿದರು. ಆಹಾರ ತಯಾರಿಸಲು ಬೇಕಾದ ಬೆಳಕನ್ನು ಮರಳುಗಾಡಿನ ಎಲೆ ತನ್ನ ನೆಂಟನಿಗಿಂತ ಶೇ. 56ರವರೆಗೂ ಕಡಿಮೆ ಹೀರುತ್ತಿತ್ತು. ಆಹಾರ ತಯಾರಿಕೆಯೂ ಅಷ್ಟೇ ಜೋರಾಗಿ ಇಳಿದಿತ್ತು. ಗಿಡ ಅರ್ಧ ಹೊಟ್ಟೆಗೆ ಒಪ್ಪಿಕೊಂಡು ಎಲೆಯನ್ನು ತಂಪಾಗಿಟ್ಟುಕೊಳ್ಳುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಸಂಗತಿ. ಆ ಕೂದಲು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಋತು ಮುಂದುವರಿದ ಹಾಗೆ ದಟ್ಟವಾಗುತ್ತಾ ಹೋಗುತ್ತದೆ.

ಈಗ ನಮ್ಮ ಕೆಸುವಿನ ಎಲೆ ನೆನಪಿಸಿಕೊಳ್ಳಿ. ಅದರ ಮೇಲೂ ಕಣ್ಣಿಗೆ ಕಾಣದ ಉಬ್ಬುಗಳಿವೆ, ಮೇಣ ಇದೆ. ಮಳೆಹನಿ ಮುತ್ತಾಗಿ ಉರುಳಿ ಹೋಗುತ್ತದೆ. ಅರಳಿ ಎಲೆಗೆ ಉದ್ದ ಬಾಲವಿದೆ, ನೀರು ಅಲ್ಲಿಂದ ತೊಟ್ಟಿಕ್ಕುತ್ತದೆ. ಮಳೆ ಸೀಮೆಯ ಎಲೆ ನೀರನ್ನು ಜಾರಿಸಲು ಕಲಿತಿದೆ. ಮರಳುಗಾಡಿನ ಎಲೆ ಬೆಳಕನ್ನು ಜಾರಿಸಲು ಕಲಿತಿದೆ. ಹಾಗಾದರೆ ಇಲ್ಲಿ ಈ ಗಿಡಕ್ಕೆ ನಾವು ಕೊಡಬೇಕಾದದ್ದು ಗೊಬ್ಬರವಲ್ಲ. ಒಂದು ಸೂರು.

ಮಳೆ ತಾಗದ ಹಾಗೆ ಅಡಿಕೆ ಗೊನೆಗೆ ಕೊಟ್ಟೆ ಹೊದಿಸಿ ಕಟ್ಟುವುದಿಲ್ವಾ, ಅದೇ ಯೋಚನೆ. ಎರಡನೇ ಗಿಡವನ್ನು ಮಣ್ಣಿನ ಕುಂಡದಲ್ಲಿ ನೆಟ್ಟು ಮನೆಯ ದಕ್ಷಿಣ ಗೋಡೆಯ ಸೂರಿನಡಿ ಇಟ್ಟೆ. ದಕ್ಷಿಣವೇ ಯಾಕೆ? ನಾವಿರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆಗ ಬಹುಪಾಲು ಮೋಡವೇ, ಬಿಸಿಲು ತಪ್ಪಿದರೂ ನಷ್ಟವಿಲ್ಲ. ಬಾನು ತಿಳಿಯಾಗಿರುವ ನವೆಂಬರಿನಿಂದ ಮಾರ್ಚ್‌ವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಓರೆ ಬಿಸಿಲು ಸೂರಿನ ಕೆಳಗೂ ನುಗ್ಗುತ್ತದೆ. ಮಳೆಯ ಎರಚಲು ಬರುವುದು ಪಡುವಣದಿಂದ. ಹಾಗಾಗಿ ಗೋಡೆಯ ಮೂಡಣ ತುದಿಯೇ ಒಳ್ಳೆಯದು. ಸೂರುನೀರು ಬೀಳುವ ಗೆರೆಯಿಂದ ಕುಂಡ ಒಂದೆರಡು ಅಡಿ ಒಳಗಿರಲಿ.

ಮಣ್ಣಿನ ವಿಚಾರ ಮುಖ್ಯ. ನಮ್ಮ ಜಂಬಿಟ್ಟಿಗೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ಮಳೆ ತೊಳೆದುಕೊಂಡು ಹೋಗಿದೆ. ಮಣ್ಣು ಹುಳಿ. ಈ ಗಿಡದ ತವರಿನಲ್ಲಿ ಸುಣ್ಣಕಲ್ಲಿನ ಗುಡ್ಡಗಳಿವೆ. ನಾನು ಒಂದು ಪಾಲು ಕೆಂಪು ಮಣ್ಣಿಗೆ ಎರಡು ಪಾಲು ದಪ್ಪ ಮರಳು, ಇಟ್ಟಿಗೆ ಚೂರು ಸೇರಿಸಿದೆ. ಹಳೆ ಮನೆಯ ಗೋಡೆ ಕೆಡವಿದಾಗ ಸಿಕ್ಕ ಸುಣ್ಣದ ಗಾರೆಯನ್ನು ಕುಟ್ಟಿ ಎರಡು ಹಿಡಿ ಹಾಕಿದೆ. ಗೊಬ್ಬರ ಹಾಕಲಿಲ್ಲ. ಗೊಬ್ಬರ ಜಾಸ್ತಿಯಾದರೆ ಸುಮ್ನೆ ಉದ್ದಕ್ಕೆ ಬೆಳೆದು ಜೋತು ಬೀಳುತ್ತದೆ. ನೀರು ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಅದೂ ಬೆರಳು ಚುಚ್ಚಿ ಒಣಗಿದೆ ಅಂತ ಗೊತ್ತಾದ ಮೇಲೆ. ಶಿವಮೊಗ್ಗ, ಶಿಕಾರಿಪುರದ ಕಡೆಯವರಿಗೆ ಇಷ್ಟೆಲ್ಲ ಬೇಕಿಲ್ಲ. ನೀರು ಇಳಿದು ಹೋಗುವ ಎತ್ತರದ ಮಡಿಯಾದರೆ ನೆಲದಲ್ಲೇ ಬರುತ್ತದೆ.

ಟೆಕ್ಸಾಸಿನವರು ಇದನ್ನು ಬ್ಯಾರೋಮೀಟರ್ ಗಿಡ ಅನ್ನುತ್ತಾರೆ. ಗಾಳಿಯಲ್ಲಿ ತೇವ ಏರಿದಾಗ, ಮಳೆ ಬಿದ್ದ ಬೆನ್ನಿಗೆ ಒಟ್ಟಿಗೇ ಹೂ ಬಿಡುವುದರಿಂದ ಆ ಹೆಸರು. 2005ರಲ್ಲಿ ಆ ರಾಜ್ಯ ಇದನ್ನು ತನ್ನ ಅಧಿಕೃತ ಸ್ಥಳೀಯ ಪೊದೆಗಿಡ ಎಂದು ಘೋಷಿಸಿತು. ನಮ್ಮ ಮನೆಯಲ್ಲಿ ಭರಣಿಯ ಮೊದಲ ಗುಡುಗು ಮಳೆ ಆಗಿ ವಾರ ಕಳೆಯುವುದರೊಳಗೆ ಗಿಡ ಪೂರ್ತಿ ನೇರಳೆಯಾಯಿತು. ಬೇರಿಗೆ ಒಂದು ಹನಿ ಮಳೆನೀರೂ ತಾಗಿರಲಿಲ್ಲ. ದೊಡ್ಡಪ್ಪ ಜಗಲಿಯಿಂದ ಇಳಿದು ಬಂದು ತುಂಬಾ ಹೊತ್ತು ನೋಡಿದರು.

ಈಗ ಮಳೆಗಾಲ. ಹೊಸ ಚಿಗುರು ಹಸಿರಾಗಿಯೇ ಬರುತ್ತಿದೆ, ಬೆಳ್ಳಿ ತೆಳುವಾಗಿದೆ. ದೀಪಾವಳಿ ಕಳೆದು ಬಿಸಿಲು ಬಲಿತ ಮೇಲೆ ಬರುವ ಎಲೆಗಳನ್ನು ಇವುಗಳ ಪಕ್ಕ ಇಟ್ಟು ನೋಡಬೇಕು. ಅರೆಬಲಿತ ನಾಲ್ಕು ಕಡ್ಡಿಗಳನ್ನು ಮರಳಿಗೆ ಊರಿಟ್ಟಿದ್ದೇನೆ. ಒಂದು ದೊಡ್ಡಪ್ಪನಿಗೆ.