ನಾಲ್ಕು ಹೆಜ್ಜೆ ನಡೆದು ತೋರಿಸು

ಮಗು ಜೋರಾಗಿ ಅತ್ತರೆ ಪೆಟ್ಟು ದೊಡ್ಡದು, ಸುಮ್ಮನಿದ್ದರೆ ಚಿಕ್ಕದು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಶಾಲೆಯ ಸಿಕ್ ರೂಮಿನಲ್ಲಿ ಕೂರುವ ನರ್ಸ್ ಮೊದಲು ಬಿಡಬೇಕಾದ ಲೆಕ್ಕ ಇದೇ. ಎರಡನೇ ಕ್ಲಾಸಿನ ಹುಡುಗ ಮಂಡಿಯಲ್ಲಿ ಒಂದು ಹನಿ ರಕ್ತ ಕಂಡರೆ ಸಾಕು, ಇಡೀ ಕಾರಿಡಾರಿಗೆ ಕೇಳುವ ಹಾಗೆ ಅಳುತ್ತಾನೆ. ನಾಳೆ ಕಬಡ್ಡಿ ಮ್ಯಾಚ್ ಇರುವ ಒಂಬತ್ತನೇ ಕ್ಲಾಸಿನ ಹುಡುಗಿ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದ್ದರೂ "ಏನಿಲ್ಲ ಸಿಸ್ಟರ್, ಸ್ವಲ್ಪ ನೋವು ಅಷ್ಟೇ" ಅನ್ನುತ್ತಾಳೆ.

ಹಾಗಾದರೆ ಯಾವುದನ್ನು ನಂಬಬೇಕು? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಕಾಲು ಉಳುಕಿದವರಿಂದ.

ಉಳುಕಿದ ಕಾಲು ಹಿಡಿದುಕೊಂಡು ಆಸ್ಪತ್ರೆಗೆ ಬರುವವರಲ್ಲಿ ಮೂಳೆ ಮುರಿದಿರುವವರು ನೂರಕ್ಕೆ ಹದಿನೈದಕ್ಕಿಂತ ಕಡಿಮೆ. ಆದರೂ ಹೆಚ್ಚುಕಡಿಮೆ ಎಲ್ಲರಿಗೂ ಎಕ್ಸ್‌ರೇ ತೆಗೆಯುತ್ತಿದ್ದರು. ಕೆನಡಾದ ಆಟವಾ ನಗರದ ವೈದ್ಯ ಇಯಾನ್ ಸ್ಟೀಲ್ ಮತ್ತು ಅವರ ಜೊತೆಗಾರರು 1992ರಲ್ಲಿ ಒಂದು ಸರಳ ನಿಯಮ ಕೊಟ್ಟರು. ಕಾಲ್ಗಿಣ್ಣಿನ ಎರಡೂ ಬದಿಯ ಉಬ್ಬು ಮೂಳೆಯ ತುದಿಯನ್ನು ಒತ್ತಿ ನೋಡಿ. ಅಲ್ಲಿಂದ ಆರು ಸೆಂಟಿಮೀಟರ್ ಮೇಲಿನವರೆಗೆ ಅದರ ಹಿಂದಿನ ಅಂಚನ್ನೂ ಒತ್ತಿ. ಮೂಳೆಯ ಮೇಲೇ ನೋವಿದೆಯಾ? ಬಿದ್ದ ಕೂಡಲೇ ನಾಲ್ಕು ಹೆಜ್ಜೆ ಇಡಲು ಆಗಿತ್ತಾ? ಈಗ ಆಗುತ್ತದಾ? ಕುಂಟಿದರೂ ಪರವಾಗಿಲ್ಲ, ನಡೆದರೆ ಸಾಕು. ಒತ್ತಿದರೆ ನೋವಿಲ್ಲ, ನಾಲ್ಕು ಹೆಜ್ಜೆಯೂ ಇಡುತ್ತಾನೆ ಅಂದರೆ ಗಿಣ್ಣಿನ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ಪಾದದ ಮಧ್ಯಭಾಗಕ್ಕೂ ಇಂಥದೇ ಪರೀಕ್ಷೆ ಇದೆ. ಈ ನಿಯಮದಿಂದ ಸುಮಾರು ಮೂರನೇ ಒಂದು ಭಾಗ ಎಕ್ಸ್‌ರೇ ಉಳಿಯಿತು. ಮುರಿದ ಮೂಳೆ ಕೈತಪ್ಪಿ ಹೋಗಿದ್ದು ಬಹಳ ಅಪರೂಪ.

ಊತ ಎಷ್ಟಿದೆ, ಎಷ್ಟು ನೀಲಿಗಟ್ಟಿದೆ ಅನ್ನುವುದು ಈ ನಿಯಮದಲ್ಲಿ ಇಲ್ಲವೇ ಇಲ್ಲ. ನಮ್ಮ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಅಲ್ವಾ?

ಮಕ್ಕಳಲ್ಲಿ ಇನ್ನೊಂದು ವಿಚಾರ ಸೇರಿಕೊಳ್ಳುತ್ತದೆ. ಅವರ ಮೂಳೆ ಹಸಿ ಕಡ್ಡಿ ಇದ್ದ ಹಾಗೆ. ಬಗ್ಗಿಸಿದರೆ ಪಟ್ ಅಂತ ಎರಡಾಗದೆ ಒಂದು ಬದಿ ಮಾತ್ರ ಸೀಳಬಹುದು. ಮೂಳೆಯ ತುದಿಯ ಹತ್ತಿರ ಬೆಳವಣಿಗೆ ನಡೆಯುವ ಮೃದುವಾದ ಪದರವೂ ಇರುತ್ತದೆ. ಎಷ್ಟೋ ಸಲ ಪಕ್ಕದ ಕಟ್ಟುನಾರಿಗಿಂತ ಆ ಪದರವೇ ಬೇಗ ಪೆಟ್ಟು ತಿನ್ನುತ್ತದೆ. ಅದಕ್ಕೇ ಹನ್ನೊಂದು ವರ್ಷದ ಮಗುವಿನ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟಾಗ ಚುರ್ ಅಂದರೆ, ಕೈ ಆಡಿಸುತ್ತಿದ್ದರೂ ಆಸ್ಪತ್ರೆಗೆ ಕಳಿಸುವುದೇ ಸರಿ.

ತಲೆಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ಕಷ್ಟದ್ದು. ಉತ್ತರ ಅಮೆರಿಕದ 25 ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 42,412 ಮಕ್ಕಳನ್ನು ನೋಡಿ ಮಾಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ತಲೆಗೆ ಪೆಟ್ಟು ಬಿದ್ದು, ಎಚ್ಚರವಾಗಿಯೇ ಬಂದ ಮಕ್ಕಳು ಇವರು. ಅವರಲ್ಲಿ ಮಿದುಳಿಗೆ ಗಂಭೀರ ಗಾಯವಾಗಿದ್ದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಏನನ್ನು ನೋಡಬೇಕು ಅಂತಲೂ ಅದು ಹೇಳಿತು. ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿತ್ತಾ, ವಾಂತಿ ಆಯಿತಾ, ತಲೆನೋವು ವಿಪರೀತ ಇದೆಯಾ, ಮಂಕಾಗಿದ್ದಾನಾ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾನಾ, ಐದು ಅಡಿಗಿಂತ ಎತ್ತರದಿಂದ ಬಿದ್ದನಾ. ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಕಾಯುವುದು ಬೇಡ. ಹಣೆಯ ಮೇಲಿನ ಬುಗುಟು ನೋಡಲು ಹೆದರಿಕೆ ಹುಟ್ಟಿಸುತ್ತದೆ, ಆದರೆ ಈ ಪಟ್ಟಿಯಲ್ಲಿ ಅದು ಇಲ್ಲ. ಒಂದು ಮಾತು ಮಾತ್ರ ನಾನು ಒತ್ತಿ ಹೇಳುತ್ತೇನೆ: ಮಿದುಳು ಅಲುಗಿರುವ ಅನುಮಾನ ಬಂದರೆ, ಹತ್ತು ನಿಮಿಷದಲ್ಲಿ ಹುಡುಗ ಹುಷಾರಾದ ಹಾಗೆ ಕಂಡರೂ, ಅವತ್ತು ಅವನನ್ನು ಮತ್ತೆ ಆಟಕ್ಕೆ ಬಿಡಬಾರದು.

ಮೂಗಿನಲ್ಲಿ ರಕ್ತ ಬಂದರೆ ತಲೆ ಮೇಲೆತ್ತಿಸಬಾರದು, ಮುಂದಕ್ಕೆ ಬಗ್ಗಿಸಿ ಮೂಗಿನ ಮೆತ್ತಗಿನ ಭಾಗವನ್ನು ಬಿಡದೆ ಹತ್ತು ನಿಮಿಷ ಹಿಡಿದಿರಬೇಕು. ಹಾಲುಹಲ್ಲು ಬಿದ್ದರೆ ಅವಸರವಿಲ್ಲ. ಹೊಸ ಹಲ್ಲು ಬುಡಸಮೇತ ಕಿತ್ತು ಬಂದರೆ ಮಾತ್ರ ಗಡಿಯಾರ ನೋಡಿಕೊಳ್ಳಬೇಕು. ಬೇರು ಮುಟ್ಟದೆ, ಉಜ್ಜದೆ ಹಾಲಿನಲ್ಲಿ ಹಾಕಿ ತಕ್ಷಣ ಹಲ್ಲಿನ ಡಾಕ್ಟರ್ ಹತ್ತಿರ ಹೋದರೆ ಅದನ್ನು ಮತ್ತೆ ಕೂರಿಸುವ ಅವಕಾಶ ಇರುತ್ತದೆ.

ಇಷ್ಟೆಲ್ಲ ತಲೆಬಿಸಿ ಯಾಕೆ, ಯಾರು ಬಂದರೂ ಮನೆಗೆ ಕಳಿಸಿಬಿಟ್ಟರೆ ಆಯಿತಲ್ಲ ಅನ್ನಿಸಬಹುದು. ಆದರೆ ಶಾಲಾ ನರ್ಸ್ ಕೆಲಸ ಅಮೆರಿಕದಲ್ಲಿ ಶುರುವಾಗಿದ್ದೇ ಅದನ್ನು ತಪ್ಪಿಸಲು. ನ್ಯೂಯಾರ್ಕ್‌ನಲ್ಲಿ ಹೇನು, ಹುಳುಕಡ್ಡಿ, ಕಣ್ಣಿನ ಸೋಂಕು ಕಂಡ ಮಕ್ಕಳನ್ನು ಡಾಕ್ಟರುಗಳು ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಚಿಕಿತ್ಸೆ ಸಿಗದೆ ಆ ಮಕ್ಕಳ ಓದು ನಿಂತು ಹೋಗುತ್ತಿತ್ತು. 1902ರ ಅಕ್ಟೋಬರ್‌ನಲ್ಲಿ ಲೀನಾ ರೋಜರ್ಸ್ ಎಂಬ ನರ್ಸ್ ನಾಲ್ಕು ಶಾಲೆಗಳಲ್ಲಿ ಒಂದು ತಿಂಗಳ ಪ್ರಯೋಗ ಶುರು ಮಾಡಿದರು. ಗಾಯ ತೊಳೆದರು, ಔಷಧಿ ಹಚ್ಚಿದರು, ಮನೆಗಳಿಗೆ ಹೋಗಿ ತಾಯಂದಿರಿಗೆ ಹೇಳಿಕೊಟ್ಟರು. ಮಕ್ಕಳು ಕ್ಲಾಸಿನಲ್ಲೇ ಉಳಿದರು. ಪ್ರಯೋಗ ಗೆದ್ದಿತು, ನಗರ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿಕೊಂಡಿತು.

ನಮ್ಮ ಕಡೆ ಸಿಕ್ ರೂಮು, ನರ್ಸು ಇರುವುದು ಹೆಚ್ಚಾಗಿ ದೊಡ್ಡ ಖಾಸಗಿ ಶಾಲೆಗಳಲ್ಲಿ. ಸರ್ಕಾರಿ ಶಾಲೆಗಳಲ್ಲಿ ಈ ತೀರ್ಮಾನ ಸಾಮಾನ್ಯವಾಗಿ ಪಿ.ಟಿ. ಮೇಷ್ಟ್ರದ್ದು, ಇಲ್ಲವೇ ಕ್ಲಾಸ್ ಟೀಚರದ್ದು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೆ ಬಂದು ಮಕ್ಕಳ ತಪಾಸಣೆ ಮಾಡುತ್ತವೆ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಖೋಖೋ ಆಡುವಾಗ ಬಿದ್ದ ಮಗುವಿನ ಹತ್ತಿರ ಇರುವವರು ಮೇಷ್ಟ್ರೇ. ನಾಲ್ಕು ಹೆಜ್ಜೆಯ ಪರೀಕ್ಷೆ, ತಲೆಪೆಟ್ಟಿನ ಆರು ಪ್ರಶ್ನೆಗಳು ಅವರಿಗೆ ಗೊತ್ತಿರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದರೂ ಸಾಕು.

ಜೊತೆಗೆ ಒಂದು ನೋಟ್‌ಬುಕ್ ಬೇಕು. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಏನು ಅಂತ ಬಂದರು ಅಂತ ಒಂದೊಂದು ಸಾಲು. ಒಬ್ಬಳು ಪ್ರತಿ ಬುಧವಾರ ಗಣಿತದ ಪೀರಿಯಡ್‌ಗೆ ಮೊದಲೇ ಹೊಟ್ಟೆನೋವು ಅಂತ ಬರುತ್ತಾಳೆ ಅನ್ನುವುದು ಅದರಲ್ಲೇ ಕಾಣುತ್ತದೆ. ಆ ನೋವು ನಾಟಕ ಅಲ್ಲ. ಹೆದರಿಕೆಗೂ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಒಬ್ಬ ಹುಡುಗನಿಗೆ ವಾರ ವಾರವೂ ತೋಳಿನಲ್ಲಿ ಹೊಸ ಕಲೆ ಕಂಡರೆ, ಬಿದ್ದೆ ಅನ್ನುವ ಅವನ ಮಾತನ್ನು ಅಲ್ಲಿಗೇ ಬಿಡದೆ, ಒಬ್ಬನೇ ಇರುವಾಗ ಕೂರಿಸಿಕೊಂಡು ನಿಧಾನವಾಗಿ ಕೇಳಬೇಕು.

ಕ್ಲಾಸಿಗೆ ವಾಪಸ್ ಹೋದ ಮಗುವನ್ನು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಸಂಜೆ ಮನೆಗೆ ಒಂದು ಚೀಟಿ ಕೊಡಬೇಕು: ಎಷ್ಟು ಹೊತ್ತಿಗೆ, ಎಲ್ಲಿ ಪೆಟ್ಟಾಯಿತು, ಏನು ಮಾಡಿದೆವು, ರಾತ್ರಿ ಏನು ಕಂಡರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.