ಮುಧೋಳ ನಾಯಿಗೆ ಯಾವ ಬಣ್ಣ ಸಲ್ಲುತ್ತದೆ?

ಮುಧೋಳ ತಳಿಯ ಹೆಣ್ಣು ನಾಯಿ ಬೂದುನೀಲಿ ಬಣ್ಣದ ಮರಿ ಹಾಕಿದರೆ ಎರಡು ಮಾತು ಒಟ್ಟಿಗೇ ಹುಟ್ಟುತ್ತವೆ. ‘ಬೆರಕೆ’ ಎಂದು ಒಬ್ಬರು ಮೂಗು ಮುರಿಯುತ್ತಾರೆ. ‘ಅಪರೂಪದ್ದು’ ಎಂದು ಇನ್ನೊಬ್ಬರು ದುಪ್ಪಟ್ಟು ಬೆಲೆ ಹೇಳುತ್ತಾರೆ. ಎರಡೂ ತಪ್ಪು. ಹೊಸ ಬಣ್ಣಕ್ಕೆ ಮಾನ್ಯತೆ ಕೊಡಬೇಕೇ ಬೇಡವೇ ಎಂಬುದು ಕಣ್ಣಿಗೆ ಚೆಂದ ಕಾಣುವುದರ ಮೇಲೆ ನಿರ್ಧಾರವಾಗಬಾರದು. ಆ ಬಣ್ಣ ಎಲ್ಲಿಂದ ಬಂತು, ನಾಯಿಗೆ ಏನು ಮಾಡುತ್ತದೆ ಎಂಬುದರ ಮೇಲೆ ಆಗಬೇಕು.

ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳನ್ನು ಆರಿಸಿ ಬೆಳೆಸಿದ್ದು ಓಟಕ್ಕೆ, ಕಣ್ಣಿನ ಚುರುಕಿಗೆ, ಬೇಟೆಯ ಹಟಕ್ಕೆ. ಹೊಲದಲ್ಲಿ ಮೊಲ ಹಿಡಿಯುವ ನಾಯಿ ಕೆಂಪಿದ್ದರೇನು, ಕಪ್ಪಿದ್ದರೇನು? ಆಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಬೇಟೆ ನಿಂತಿದ್ದು ಸರಿಯೇ. ಆದರೆ ನಾಯಿಯನ್ನು ಅಳೆಯುತ್ತಿದ್ದ ಹಳೆಯ ಅಳತೆಗೋಲೂ ಅದರೊಂದಿಗೇ ಹೋಯಿತು. ಆ ಜಾಗಕ್ಕೆ ಶ್ವಾನ ಪ್ರದರ್ಶನ ಮತ್ತು ಮರಿ ಮಾರಾಟ ಬಂದವು. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ.

ದಾಖಲೆಯಲ್ಲೂ ಏಕರೂಪ ಇಲ್ಲ. ಶ್ವಾನ ತಳಿಗಳನ್ನು ನೋಂದಾಯಿಸುವ ಸಂಸ್ಥೆಗಳಲ್ಲಿ ಕೆನಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನು ಕ್ಯಾರವಾನ್ ಹೌಂಡ್ ಎಂದು ಬರೆದುಕೊಂಡರೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತು. ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಬ್ಯೂರೋ ಇದನ್ನು ದೇಶೀ ತಳಿಯಾಗಿ ನೋಂದಾಯಿಸಿದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಮನೆಮನೆಯಲ್ಲಿ ಹುಟ್ಟುವ ಮರಿಗಳಿಗೆ ತಂದೆ ಯಾರೆಂಬ ಲಿಖಿತ ದಾಖಲೆ ಮಾತ್ರ ಹೆಚ್ಚಿನ ಕಡೆ ಇಲ್ಲ. ಜಗಳದ ಬೇರು ಇಲ್ಲಿದೆ.

ಚರ್ಚೆಗೆ ಬರುವ ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಹುಲಿಪಟ್ಟೆ ಬಣ್ಣ ಪ್ರಬಲ ಜೀನಿನದು, ಅಂದರೆ ಒಬ್ಬರಿಂದ ಒಂದು ಪ್ರತಿ ಬಂದರೂ ಕಾಣಿಸಿಕೊಳ್ಳುತ್ತದೆ. ಪಟ್ಟೆಯ ಮರಿ ಹುಟ್ಟಬೇಕಾದರೆ ತಂದೆ ತಾಯಿಗಳಲ್ಲಿ ಒಬ್ಬರಿಗಾದರೂ ಪಟ್ಟೆ ಇರಬೇಕು, ಇಲ್ಲವೇ ಅದನ್ನು ಮುಚ್ಚಿಡುವ ಬಣ್ಣ ಇರಬೇಕು. ಅಪ್ಪಟ ಕಪ್ಪು ನಾಯಿ ಮುಚ್ಚಿಡಬಲ್ಲದು, ಒಂದು ಬಗೆಯ ಕೆಂಪು ನಾಯಿಯೂ ಮುಚ್ಚಿಡಬಲ್ಲದು. ಇವೆರಡೂ ಇಲ್ಲದೆ ಪಟ್ಟೆಯ ಮರಿ ಬಂದರೆ ತಂದೆ ಬೇರೆ ಎಂದೇ ಅರ್ಥ. ಓಟಕ್ಕಾಗಿ ಗ್ರೇಹೌಂಡ್ ಜತೆ ಕ್ರಾಸ್ ಮಾಡಿಸಿದ ಕಡೆ ಪಟ್ಟೆ ಬರಬಹುದು ಎಂಬ ಅನುಮಾನಕ್ಕೆ ಆಧಾರವಿದೆ. ಆದರೆ ಪಟ್ಟೆ ಇದ್ದ ಮಾತ್ರಕ್ಕೆ ಬೆರಕೆ ಎಂದು ತೀರ್ಪು ಕೊಡಲಾಗದು. ಮುಧೋಳಕ್ಕೆ ಹತ್ತಿರದ ಬಂಧುವಾದ ಸಾಲುಕಿ ಎಂಬ ಬೇಟೆನಾಯಿ ತಳಿಯಲ್ಲೂ ಇದೇ ಜಗಳ ನಡೆದಿದೆ. ಅಲ್ಲಿನ ಅಂತರರಾಷ್ಟ್ರೀಯ ಮಾನದಂಡ ಎಲ್ಲ ಬಣ್ಣವನ್ನೂ ಒಪ್ಪಿ, ಪಟ್ಟೆಯನ್ನು ಮಾತ್ರ ಬೇಡವೆನ್ನುತ್ತದೆ.

ಬೂದುನೀಲಿಯ ಕಥೆ ತದ್ವಿರುದ್ಧ. ಇದು ಅಡಗಿ ಬರುವ ಬಣ್ಣ, ತಂದೆ ತಾಯಿ ಇಬ್ಬರಿಂದಲೂ ಜೀನಿನ ಪ್ರತಿ ಬಂದರಷ್ಟೇ ಕಾಣುತ್ತದೆ. ನೋಡಲು ಕರಿ ಇರುವ ಎರಡು ನಾಯಿಗಳು ಆ ಜೀನಿನ ಒಂದೊಂದು ಪ್ರತಿ ಹೊತ್ತಿದ್ದರೆ, ಪ್ರತಿ ಮರಿಯೂ ನೀಲಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಾಗಿ ಕರಿ ಜೋಡಿಗೆ ನೀಲಿ ಮರಿ ಹುಟ್ಟಿದ್ದರಿಂದ ತಾಯಿಯ ಮೇಲೆ ಅಪವಾದ ಹೊರಿಸುವುದು ಅನ್ಯಾಯ. ಮೂಗು ಹುಟ್ಟಿನಿಂದಲೇ ಸ್ಲೇಟಿನ ಬಣ್ಣಕ್ಕಿರುತ್ತದೆ, ಗುರುತಿಸುವುದು ಸುಲಭ. ತೊಂದರೆ ಚರ್ಮದಲ್ಲಿದೆ. ಇಂಥ ಕೆಲವು ನಾಯಿಗಳಿಗೆ ಆರು ತಿಂಗಳಿಂದ ಮೂರು ವರ್ಷದೊಳಗೆ ಬೆನ್ನಿನ ಕೂದಲು ತೆಳ್ಳಗಾಗಿ ಉದುರುತ್ತದೆ, ಹುರುಪೆ ಏಳುತ್ತದೆ, ಮತ್ತೆ ಮತ್ತೆ ಸೋಂಕು ತಗಲುತ್ತದೆ. ವಾಸಿಯಾಗುವ ಔಷಧವಿಲ್ಲ. ಎಲ್ಲ ನೀಲಿ ನಾಯಿಗೂ ಹೀಗಾಗುವುದಿಲ್ಲ. ಅದಕ್ಕೇ ಮೂರು ವರ್ಷ ತುಂಬಿ ಚರ್ಮ ಚೆನ್ನಾಗಿರುವುದು ಕಂಡ ಮೇಲಷ್ಟೇ ಅದನ್ನು ತಳಿ ಬೆಳೆಸಲು ಬಳಸಬೇಕು. ಎಂಟು ವಾರದ ಮರಿಯನ್ನು ತೋರಿಸಿ ‘ಏನೂ ತೊಂದರೆಯಿಲ್ಲ’ ಎನ್ನುವ ಮಾತಿಗೆ ಬೆಲೆಯಿಲ್ಲ.

ಮರ್ಲ್ ಎಂಬ, ಮಾಸಿದ ಮೈಮೇಲೆ ಹರಿದಂಥ ಗಾಢ ಮಚ್ಚೆಗಳಿರುವ ಬಣ್ಣವನ್ನು ಮಾತ್ರ ಒಳಗೆ ಬಿಡಲೇಬಾರದು. ಗ್ರೇಟ್ ಡೇನ್‌ನಂಥ ತಳಿಯ ರಕ್ತ ಬೆರೆತರೆ ಇದು ಬರಬಹುದು. ಇದರ ಜೀನ್ ಯಾವುದೆಂದು 2006ರಲ್ಲಿ ಪತ್ತೆಯಾಯಿತು. ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ಕಾಲುಭಾಗದಷ್ಟು ಮರಿಗಳಿಗೆ ಎರಡೂ ಪ್ರತಿ ಸಿಗುತ್ತವೆ. ಅವುಗಳಲ್ಲಿ ಹಲವು ಕಿವುಡಾಗುತ್ತವೆ, ಕೆಲವು ಕಣ್ಣು ಸಣ್ಣದಾಗಿ ಕುರುಡೂ ಆಗುತ್ತವೆ. ನೋಟವನ್ನೇ ನಂಬಿ ಓಡುವ ನಾಯಿಗೆ ಕಣ್ಣೇ ಹೋದರೆ ಉಳಿಯುವುದೇನು? ಇನ್ನೊಂದು ಅಪಾಯವೂ ಇದೆ. ಮರ್ಲ್ ಕೆಡಿಸುವುದು ಕಪ್ಪು ವರ್ಣವನ್ನು. ಮುಧೋಳದಲ್ಲಿ ಸಾಮಾನ್ಯವಾದ ಕಂದುಹಳದಿ ಮೈಯಲ್ಲಿ ಕಪ್ಪು ಕಡಿಮೆ, ಹೀಗಾಗಿ ಮಚ್ಚೆ ಹುಟ್ಟಿದಾಗ ಕಂಡು ದೊಡ್ಡದಾಗುತ್ತ ಮಾಸಿಹೋಗುತ್ತದೆ. ಸಾಕಿದವರಿಗೇ ಗೊತ್ತಿಲ್ಲದೆ ಎರಡು ಮರ್ಲ್ ನಾಯಿಗಳು ಕೂಡುವುದು ಹೀಗೆ. ಬ್ರಿಟನ್ನಿನ ಕೆನಲ್ ಕ್ಲಬ್ ಮರ್ಲ್ ಜೋಡಿಯ ಮರಿಗಳನ್ನು ನೋಂದಾಯಿಸುವುದನ್ನೇ ನಿಲ್ಲಿಸಿದೆ.

ಮಾನ್ಯತೆಗೆ ದಾರಿ ಹೇಗಿರಬೇಕು ಎಂಬುದಕ್ಕೆ ಮೊಲ ಸಾಕುವವರಿಂದ ಕಲಿಯಬಹುದು. ಅಮೆರಿಕದ ಮೊಲ ಸಾಕಣೆದಾರರ ಸಂಘದಲ್ಲಿ ಹೊಸ ಬಣ್ಣ ತರುವವರು ಮೊದಲು ಅಭಿವೃದ್ಧಿ ಪತ್ರ ಪಡೆಯಬೇಕು, ಆಮೇಲೆ ವಾರ್ಷಿಕ ಸಮಾವೇಶದಲ್ಲಿ ಮೊಲಗಳನ್ನು ಸಮಿತಿಯ ಮುಂದಿಟ್ಟು ಒಂದಕ್ಕಿಂತ ಹೆಚ್ಚು ಸಲ ಒಪ್ಪಿಗೆ ಗಳಿಸಬೇಕು. ಒಂದು ಚೆಂದದ ಮೊಲ ತಂದರೆ ಸಾಲದು, ಆ ಬಣ್ಣ ಪೀಳಿಗೆಯಿಂದ ಪೀಳಿಗೆಗೆ ನಿಲ್ಲುತ್ತದೆ ಎಂದು ತೋರಿಸಬೇಕು. ನಾಯಿ ವರ್ಷಕ್ಕೆ ಒಂದೆರಡು ಸಲವಷ್ಟೇ ಮರಿ ಹಾಕುವುದರಿಂದ ಇಲ್ಲಿ ಸಮಯ ಇನ್ನೂ ಹೆಚ್ಚು ಬೇಕು.

ಬಾಗಲಕೋಟೆ ಜಿಲ್ಲೆಯಲ್ಲಿ ಸಾಕುವವರು ಇಂದೇ ಮಾಡಬಹುದಾದ ಕೆಲಸವಿದೆ. ಮರಿ ಹುಟ್ಟಿದ ಮೊದಲ ವಾರದಲ್ಲೇ, ಬಿಸಿಲಿನ ಬೆಳಕಲ್ಲಿ, ಪ್ರತಿ ಮರಿಯ ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ. ಆಮೇಲೆ ಮಚ್ಚೆ ಮಾಸಿದರೂ ಸಾಕ್ಷಿ ಉಳಿಯುತ್ತದೆ. ಮಾರುವ ಮುನ್ನ 15 ಅಂಕಿಯ ಮೈಕ್ರೋಚಿಪ್ ಹಾಕಿಸಿ, ತಂದೆ ತಾಯಿಯ ಚಿಪ್ ಸಂಖ್ಯೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಕ್ರಾಸ್ ಮಾಡಿಸುವ ಮೊದಲು ನಾಯಿಯ ಕೆನ್ನೆಯ ಒಳಭಾಗದ ಸ್ವಾಬ್ ಅಥವಾ ರಕ್ತದಿಂದ, ಈ ಬಣ್ಣಗಳ ಜೀನ್ ಇದೆಯೇ ಎಂದು ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಮರಿಗೇ ಪರೀಕ್ಷೆ ಮಾಡಿಸುವುದಾದರೆ, ಸ್ವಾಬ್ ತೆಗೆಯುವ ಹೊತ್ತಿಗೆ ಅದು ಹಾಲು ಕುಡಿದಿದ್ದರೆ ತಾಯಿಯ ಜೀವಕೋಶ ಸೇರಿ ಫಲಿತಾಂಶ ಕೆಡುತ್ತದೆ, ಆದ್ದರಿಂದ ಅದನ್ನು ತಾಯಿಯಿಂದ ಒಂದೆರಡು ಗಂಟೆ ದೂರವಿಟ್ಟು ತೆಗೆಸಿ. ಮರ್ಲ್ ಎಂದು ಗೊತ್ತಾದ ಮರಿಯನ್ನು ಕೊಲ್ಲಬೇಕಿಲ್ಲ, ಬೀದಿಗೂ ಬಿಡಬೇಕಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಮನೆಯ ನಾಯಿಯಾಗಿ ಕೊಡಬಹುದು. ಕೊಳ್ಳುವವರಿಗೆ ಕಾರಣವನ್ನು ಬರೆದೇ ಕೊಡಿ.