ದನಿ ಅಷ್ಟಕ್ಕಷ್ಟೇ, ‘ಟ್ಯಾಪೆಸ್ಟ್ರಿ’ಗೆ ನಾಲ್ಕು ಗ್ರ್ಯಾಮಿ ಹೇಗೆ ಬಂತು?

ಪ್ರಶ್ನೆ: ಮಗಳು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಿಂದ ಅಮೆರಿಕದ ಕ್ಯಾರೊಲ್ ಕಿಂಗ್ ಹಾಡಿದ ‘ಟ್ಯಾಪೆಸ್ಟ್ರಿ’ ಅನ್ನೋ ಹಳೇ ಎಲ್‌ಪಿ ತಂದಿದ್ದಾಳೆ. ಮನೇಲಿ ದಿನಾ ಅದೇ. ಹಾಡುಗಳು ಹಿತವಾಗಿವೆ, ಸುಳ್ಳು ಹೇಳಲ್ಲ. ಆದರೆ ಆ ಹೆಂಗಸಿನ ದನಿ ಸ್ವಲ್ಪ ಮೇಲಕ್ಕೆ ಹೋದರೆ ಒಡೆಯುತ್ತೆ. ಎಸ್. ಜಾನಕಿಯವರನ್ನು ಕೇಳಿ ಬೆಳೆದ ಕಿವಿ ನಮ್ಮದು. ಇದಕ್ಕೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿ ನಾಲ್ಕು ಬಂದಿವೆಯಂತೆ. ಇದರಲ್ಲಿ ಅಂಥದ್ದೇನಿದೆ?
(ಬಸವನಗುಡಿಯ ಓದುಗರು)

ಉತ್ತರ: ಈ ಪ್ರಶ್ನೆ ನಿಮ್ಮೊಬ್ಬರದಲ್ಲ. ನಾನು ಈ ರೆಕಾರ್ಡು ಕೇಳಿಸಿದವರಲ್ಲಿ ಅರ್ಧ ಜನ ಇದನ್ನೇ ಕೇಳಿದ್ದಾರೆ. ಉತ್ತರ ಹೇಳೋಕೆ ನಮ್ಮ ಗಾಂಧಿನಗರದ ಒಂದು ಪದ ಸಾಕು: ಟ್ರ್ಯಾಕ್.

ಸಿನಿಮಾ ಹಾಡು ಹೆಸರಾಂತ ಗಾಯಕರ ಕೈಗೆ ಹೋಗುವ ಮುಂಚೆ ಯಾರೋ ಒಬ್ಬರು ಟ್ರ್ಯಾಕ್ ಹಾಡಿಟ್ಟಿರುತ್ತಾರೆ. ಗಾಯಕರು ಬಂದು, ಅದನ್ನು ಕೇಳಿ ಕಲಿತು, ಹಾಡಿ ಹೋಗುತ್ತಾರೆ. ಟ್ರ್ಯಾಕಿನ ದನಿ ಅಳಿಸಿಹೋಗುತ್ತದೆ. ಕ್ಯಾರೊಲ್ ಕಿಂಗ್ ಹತ್ತು ವರ್ಷ ಮಾಡಿದ್ದು ಹೆಚ್ಚುಕಮ್ಮಿ ಇದೇ ಕೆಲಸ, ಅದೂ ತಾನೇ ರಾಗ ಹಾಕಿದ ಹಾಡುಗಳಿಗೆ. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ಕಚೇರಿಯಲ್ಲಿ ಪಿಯಾನೋ ಮುಂದೆ ಕೂರುತ್ತಿದ್ದಳು. ಸಾಹಿತ್ಯ ಗಂಡ ಜೆರ್ರಿ ಗಾಫಿನ್‌ದು. ಆಕೆ ಹಾಡಿಟ್ಟ ಡೆಮೊ ಕೇಳಿ ಬೇರೆಯವರು ಹಾಡುತ್ತಿದ್ದರು, ಹೆಸರು ಅವರಿಗೆ. ‘ವಿಲ್ ಯೂ ಲವ್ ಮಿ ಟುಮಾರೋ’ ಹಾಗೆ ಶಿರೆಲ್ಸ್ ತಂಡದ ಪಾಲಾಗಿ 1961ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ‘ನ್ಯಾಚುರಲ್ ವುಮನ್’ 1967ರಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ಪಾಲಾಯಿತು.

ಮದುವೆ ಮುರಿಯಿತು. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಲಾಸ್ ಏಂಜಲಿಸ್‌ಗೆ ಬಂದಳು. 1970ರಲ್ಲಿ ‘ರೈಟರ್’ ಅಂತ ತನ್ನದೇ ಆಲ್ಬಂ ಮಾಡಿದಳು, ಯಾರೂ ಕೊಳ್ಳಲಿಲ್ಲ. ವೇದಿಕೆ ಅಂದರೆ ಹೆದರಿಕೆ. ಗೆಳೆಯ, ಗಾಯಕ ಜೇಮ್ಸ್ ಟೇಲರ್ ‘ನಿನ್ನ ಹಾಡು ನೀನೇ ಹಾಡು’ ಅಂತ ಬೆನ್ನು ಹತ್ತಿದ.

‘ಟ್ಯಾಪೆಸ್ಟ್ರಿ’ಯ ನಿರ್ಮಾಪಕ ಲೂ ಆಡ್ಲರ್ ಆ ಡೆಮೊಗಳನ್ನು ಬಹಳ ವರ್ಷಗಳಿಂದ ಕೇಳಿ ಬಲ್ಲವನು. ಅವುಗಳಲ್ಲಿ ಇದ್ದದ್ದು ಒಂದು ಪಿಯಾನೋ, ಒಂದು ದನಿ. ಅದೇ ಇರಲಿ ಅಂದ. ಗಿಟಾರ್, ಬೇಸ್, ಡ್ರಮ್ಸ್ ಎಲ್ಲ ಇವೆ, ಆದರೆ ಮನೆಗೆ ಬಂದ ನೆಂಟರ ಹಾಗೆ ಗೋಡೆಗೊರಗಿ ಕೂತಿವೆ, ನಡುಮನೆ ಪಿಯಾನೋದ್ದು. ಸಾಫ್ಟ್ ರಾಕ್, ಅಂದರೆ ರಾಕ್ ಸಂಗೀತದ ಮೆಲುದನಿಯ ಬಗೆ, ಹೇಗಿರುತ್ತೆ ಅಂತ ಯಾರಾದರೂ ಕೇಳಿದರೆ ನಾನು ಈ ರೆಕಾರ್ಡು ಹಾಕಿ ಸುಮ್ಮನಾಗುತ್ತೇನೆ. ದನಿಮುದ್ರಣ 1971ರ ಜನವರಿಯಲ್ಲಿ, ಹಾಲಿವುಡ್‌ನ ಎ ಅಂಡ್ ಎಂ ಸ್ಟುಡಿಯೋದಲ್ಲಿ. ಅದು ಒಂದು ಕಾಲಕ್ಕೆ ಚಾರ್ಲಿ ಚಾಪ್ಲಿನ್ ಕಟ್ಟಿಸಿದ ಸ್ಟುಡಿಯೋ. ಅಲ್ಲೇ ಪಕ್ಕದ ಕೋಣೆಯಲ್ಲಿ ಜೋನಿ ಮಿಚೆಲ್ ತನ್ನ ‘ಬ್ಲೂ’ ಆಲ್ಬಂ ಮಾಡುತ್ತಿದ್ದಳು. ಆ ಕೋಣೆಯ ಪಿಯಾನೋ ಮೇಲೆ ಕಿಂಗ್‌ಗೆ ಬಹಳ ಕಣ್ಣು!

ಈಗ ದನಿಯ ವಿಷಯ. ಎರಡನೇ ಬದಿಯ ಮೂರನೇ ಹಾಡಿಗೆ ಸೂಜಿ ಇಡಿ: ಅದೇ ‘ವಿಲ್ ಯೂ ಲವ್ ಮಿ ಟುಮಾರೋ’. ಮಗಳ ಫೋನಿನಲ್ಲಿ ಮೊದಲು ಶಿರೆಲ್ಸ್ ಹಾಡಿದ್ದನ್ನು ಕೇಳಿ ಬನ್ನಿ. ಅಲ್ಲಿ ಪಿಟೀಲುಗಳು ಕುಣಿಯುತ್ತವೆ, ಪ್ರಶ್ನೆ ಹದಿಹರೆಯದ ಹುಡುಗಿಯದು: ಈ ರಾತ್ರಿ ನನ್ನವನಾಗಿದ್ದೀಯ, ನಾಳೆಯೂ ಪ್ರೀತಿಸುತ್ತೀಯಾ? ರಾಗ ಹಾಕಿದಾಗ ಕಿಂಗ್‌ಗೆ 18. ಎಲ್‌ಪಿಯಲ್ಲಿ ಅದೇ ಹಾಡು ನಡಿಗೆ ನಿಧಾನಿಸಿ, ಪ್ರತಿ ಸಾಲಿನ ಕೊನೆಗೆ ಉಸಿರು ಬಿಡುತ್ತದೆ. ಹಿಂದೆ ಮಿಚೆಲ್ ಮತ್ತು ಟೇಲರ್ ಮೆಲ್ಲಗೆ ದನಿಗೂಡಿಸುತ್ತಾರೆ. ಪ್ರಶ್ನೆ ಹಾಕುತ್ತಿರುವವಳಿಗೆ ಉತ್ತರ ಆಗಲೇ ಗೊತ್ತು. ನೀವು ಹೇಳುವ ಆ ಒಡಕು ಬರುವುದು ಇಂಥ ಕಡೆಯೇ. ತಿದ್ದಬಹುದಿತ್ತು, ತಿದ್ದಲಿಲ್ಲ. ಮುಂದಿನ ‘ಸ್ಮ್ಯಾಕ್‌ವಾಟರ್ ಜ್ಯಾಕ್’ ನನಗೆ ಯಾವತ್ತೂ ಹಿಡಿಸಿಲ್ಲ. ಸೂಜಿ ಎತ್ತಿ ಆಚೆಗಿಡುತ್ತೇನೆ.

ಜಾನಕಿಯಮ್ಮನ ಅಳತೆಗೋಲು ಇಲ್ಲಿ ಹಿಡಿಯಬೇಡಿ. ಹಿಡಿಯುವುದಾದರೆ ಸಿ. ಅಶ್ವತ್ಥ್ ಅವರದನ್ನು ಹಿಡಿಯಿರಿ. ಅವರೂ ರಾಗ ಹಾಕಿ ತಾವೇ ಹಾಡಿದವರು. ದನಿ ನುಣುಪಲ್ಲ, ತಾರಕಕ್ಕೆ ಹೋದಾಗ ಗಂಟಲು ಪಡುವ ಕಷ್ಟ ಕೇಳಿಸುತ್ತದೆ. 2005ರಲ್ಲಿ ಅರಮನೆ ಮೈದಾನದ ‘ಕನ್ನಡವೇ ಸತ್ಯ’ಕ್ಕೆ ಬೆಂಗಳೂರೇ ಎದ್ದು ಬಂದಾಗ ಆ ಕಷ್ಟದ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ.

ಅಮೆರಿಕದವರೂ ತೆಗೆಯಲಿಲ್ಲ. ಕಿಂಗ್‌ಗೆ 29 ತುಂಬಿದ ಮಾರನೇ ದಿನ, 1971ರ ಫೆಬ್ರವರಿ 10ರಂದು, ಆಲ್ಬಂ ಹೊರಬಂತು. ಜೂನ್ ಹೊತ್ತಿಗೆ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿ ಸತತ 15 ವಾರ ಅಲ್ಲೇ ಕೂತಿತು. ಪಟ್ಟಿಯಲ್ಲಿ ಒಟ್ಟು ಉಳಿದದ್ದು 300 ವಾರಕ್ಕೂ ಹೆಚ್ಚು. ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ ನೀವು ದೋಷ ಅಂದದ್ದನ್ನೇ ಗೆಲುವು ಅಂತ ಕಂಡ: ಹೆಣ್ಣುದನಿ ಕೊನೆಗೂ ನಯನಾಜೂಕಿನ ಕಟ್ಟುಪಾಡಿನಿಂದ ಬಿಡಿಸಿಕೊಂಡಿತು ಅನ್ನುವುದು ಅವನ ವಾದ. ಇನ್ನು ಗ್ರ್ಯಾಮಿ. ವರ್ಷದ ಆಲ್ಬಂ ಇದೇ, ವರ್ಷದ ರೆಕಾರ್ಡ್ ‘ಇಟ್ಸ್ ಟೂ ಲೇಟ್’, ವರ್ಷದ ಹಾಡು ‘ಯೂ ಹ್ಯಾವ್ ಗಾಟ್ ಎ ಫ್ರೆಂಡ್’. ನಾಲ್ಕನೆಯದು ನಿಮ್ಮ ಪ್ರಶ್ನೆಗೆ ಕಚಗುಳಿ ಇಡುವಂಥದ್ದು: ಪಾಪ್ ವಿಭಾಗದ ಅತ್ಯುತ್ತಮ ಗಾಯಕಿ. ತಗೊಳ್ಳೋಕೆ ಆಕೆ ಹೋಗಲಿಲ್ಲ, ಮನೆಯಲ್ಲಿ ಎಳೇ ಕೂಸಿತ್ತು. ಆಡ್ಲರ್ ಹೋಗಿ ತಂದ.

ಕೊನೆಯ ಹಾಡು ‘ನ್ಯಾಚುರಲ್ ವುಮನ್’. ಅರೀಥಾ ಹಾಡಿ ಮುಗಿಸಿದ ಮೇಲೆ ಅದನ್ನು ಮತ್ತೆ ಮುಟ್ಟಲು ಎದೆ ಗಟ್ಟಿ ಬೇಕು. ಇಲ್ಲಿ ಡ್ರಮ್ಸ್ ಕೂಡ ಇಲ್ಲ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ, ವಾಲ್ಯೂಮ್ ಕಮ್ಮಿ ಇಟ್ಟು, ಮಗಳ ಪಕ್ಕ ಕೂತು ಕೇಳಿ. ಆಮೇಲೂ ಹಿಡಿಸದಿದ್ದರೆ ಇನ್ನೊಂದು ಪತ್ರ ಬರೆಯಿರಿ.